ಕಾಣೆಯಾದ ಡಿಸ್ಕ್ ಮತ್ತು ಆತುರದ ಮೊದಲ ಗಂಟೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಎಷ್ಟು ಟೆರಾಬೈಟ್‌ನ ಡಿಸ್ಕ್ ಕೊಳ್ಳಬೇಕು, ಯಾವುದು ವೇಗದ್ದು, ಯಾವುದು ಹೆಚ್ಚು ಬಾಳಿಕೆ ಬರುತ್ತದೆ ಎಂಬ ಬಗ್ಗೆ ಅಲ್ಲಿ ಒಳ್ಳೆಯ ಬರಹಗಳು ಬರುತ್ತವೆ. ಆದರೆ ಹಲವು ಡಿಸ್ಕ್‌ಗಳನ್ನು ಒಗ್ಗೂಡಿಸಿ ಕಟ್ಟಿದ ಸ್ಟೋರೇಜ್ ಪೂಲ್‌ನಲ್ಲಿ ಒಂದು ದಿನ ಒಂದು ಡಿಸ್ಕ್ ಕಾಣಿಸದೇ ಹೋದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದವರು ಕಡಿಮೆ. ಇಂತಹ ವ್ಯವಸ್ಥೆಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ನಾನು ಕಂಡ ಪ್ರಕರಣಗಳಲ್ಲಿ ಶಾಶ್ವತವಾಗಿ ಕೈತಪ್ಪಿದ ಡೇಟಾದ ಬಹುಪಾಲು ಡಿಸ್ಕ್ ಕೆಟ್ಟ ಗಳಿಗೆಯಲ್ಲಿ ಹೋದದ್ದಲ್ಲ. ಅದಾದ ಮೇಲಿನ ಒಂದು ಗಂಟೆಯಲ್ಲಿ, ಗಾಬರಿಬಿದ್ದವರು ಕೀಲಿಮಣೆಯ ಮುಂದೆ ಕುಳಿತು ಒಂದರ ಹಿಂದೆ ಒಂದು ಮಾಡಿದ ಪ್ರಯತ್ನಗಳಿಂದ ಹೋದದ್ದು. ಇದನ್ನು ಓದುಗರ ಗಮನಕ್ಕೆ ತರಲೆಂದೇ ಈ ಪತ್ರ.

ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕ್‌ನಂತೆ ಬಳಸುವ ವಿಚಾರ ಹಳೆಯದು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಮಂಡಿಸಿದ ಪ್ರಬಂಧದಿಂದ ‘ರೈಡ್’ ಎಂಬ ಹೆಸರು ಬಳಕೆಗೆ ಬಂತು. ಇಂದು ಲಿನಕ್ಸ್‌ನ ಎಂಡಿ, ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಎಂಬ ತಂತ್ರಾಂಶಗಳೆಲ್ಲ ಬೇರೆ ಬೇರೆ ರೀತಿಯಲ್ಲಿ ಅದೇ ಕೆಲಸ ಮಾಡುತ್ತವೆ. ಹೆಸರು ಯಾವುದಾದರೂ ಇರಲಿ, ಡಿಸ್ಕ್ ಕಾಣೆಯಾದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಪೂಲ್‌ನಲ್ಲಿ ಕಾಣೆಯಾದದ್ದರ ಪ್ರತಿ ಅಥವಾ ಲೆಕ್ಕ ಬೇರೆಲ್ಲಾದರೂ ಇದೆಯೇ? ಮಿರರ್ ಆಗಿದ್ದರೆ ಪೂರ್ತಿ ಪ್ರತಿಯೇ ಇನ್ನೊಂದು ಡಿಸ್ಕ್‌ನಲ್ಲಿ ಇರುತ್ತದೆ. ಪ್ಯಾರಿಟಿ ಆಗಿದ್ದರೆ ಪ್ರತಿ ಇರುವುದಿಲ್ಲ, ಲೆಕ್ಕ ಇರುತ್ತದೆ. ಬರಿಯ ಸ್ಟ್ರೈಪ್ ಆಗಿದ್ದರೆ, ಅಂದರೆ ಡೇಟಾವನ್ನು ಡಿಸ್ಕ್‌ಗಳ ಮೇಲೆ ತುಂಡುತುಂಡಾಗಿ ಹಂಚಿದ್ದಷ್ಟೇ ಆಗಿದ್ದರೆ, ಎರಡೂ ಇರುವುದಿಲ್ಲ.

ಪ್ಯಾರಿಟಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದೆ ಹೇಳಲಿರುವ ಅನಾಹುತವೊಂದು ಅರ್ಥವಾಗುವುದು ಅದರಿಂದಲೇ. ಮೊದಲ ಡಿಸ್ಕ್‌ನಲ್ಲಿ 7, ಎರಡನೆಯದರಲ್ಲಿ 5 ಇದೆ, ಮೂರನೆಯದರಲ್ಲಿ ಅವೆರಡರ ಮೊತ್ತ 12 ಇದೆ ಎಂದುಕೊಳ್ಳಿ. ಎರಡನೆಯ ಡಿಸ್ಕ್ ಹೋದರೆ 12ರಲ್ಲಿ 7 ಕಳೆದು 5 ಎಂದು ಹೇಳಬಹುದು. ನಿಜವಾದ ವ್ಯವಸ್ಥೆಯಲ್ಲಿ ಕೂಡುವ ಬದಲು ಎಕ್ಸ್‌ಓಆರ್ (XOR) ಎಂಬ ಕ್ರಿಯೆ ನಡೆಯುತ್ತದೆ, ತತ್ವ ಇದೇ. ಇನ್ನು ಇದನ್ನೂ ಊಹಿಸಿಕೊಳ್ಳಿ: ಮೊದಲ ಡಿಸ್ಕ್ ಹಿಂದೆಯೇ ಒಮ್ಮೆ ಸಂಪರ್ಕ ಕಳಚಿಕೊಂಡು ಹೊರಗುಳಿದಿತ್ತು. ಅದು ಇಲ್ಲದಾಗಲೂ ಪೂಲ್ ಕೆಲಸ ಮಾಡುತ್ತಲೇ ಇದ್ದು, ಅದರಲ್ಲಿ ಇರಬೇಕಿದ್ದ 7 ಈಗ 8 ಆಗಿದೆ. ಮೊತ್ತವೂ 13 ಆಗಿದೆ. ಆದರೆ ಹೊರಗುಳಿದ ಡಿಸ್ಕ್‌ನ ಮೇಲೆ ಇನ್ನೂ ಹಳೆಯ 7 ಇದೆ. ಈಗ ಎರಡನೆಯ ಡಿಸ್ಕ್ ಕೆಟ್ಟಿತೆಂದು ಯಾರೋ ಆ ಹಳೆಯ ಡಿಸ್ಕನ್ನು ತಂದು ಬಲವಂತವಾಗಿ ಸೇರಿಸಿದರೆ, 13ರಲ್ಲಿ 7 ಕಳೆದು 6 ಬರುತ್ತದೆ. ಆ 6 ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಯಂತ್ರ ಮಾತ್ರ ಅದನ್ನು ಯಾವ ಅನುಮಾನವೂ ಇಲ್ಲದೆ ನಿಮ್ಮ ಕಡತವೆಂದೇ ಕೈಗಿಡುತ್ತದೆ.

ಇದು ಕಾಗದದ ಮೇಲಿನ ಉದಾಹರಣೆಯಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಐದು ಡಿಸ್ಕ್‌ಗಳ ಒಂದು ರೈಡ್-5 ಕೂಟ (ಪ್ಯಾರಿಟಿಯ ಬಲದಿಂದ ಒಂದು ಡಿಸ್ಕ್ ಹೋದರೂ ನಡೆಯುವ ಜೋಡಣೆ) ನನ್ನ ಕೈಗೆ ಬಂದದ್ದು ಕಾಲ ಮಿಂಚಿದ ಮೇಲೆ. ಅದರಲ್ಲಿ ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಹೊರಬಿದ್ದಿತ್ತು. ಎಚ್ಚರಿಕೆಯ ಮಿಂಚಂಚೆ ಪ್ರತಿದಿನವೂ ಹೋಗುತ್ತಿತ್ತು, ಆದರೆ ಕೆಲಸ ಬಿಟ್ಟು ಹೋಗಿದ್ದ ಒಬ್ಬರ ವಿಳಾಸಕ್ಕೆ. ಎರಡನೆಯ ಡಿಸ್ಕ್ ಹೊರಬಿದ್ದಾಗ ಕೂಟ ನಿಂತಿತು. ದುರಸ್ತಿಗೆ ಬಂದಿದ್ದ ತಂತ್ರಜ್ಞರು ಐದನ್ನೂ ಗೂಡಿಗೆ ತಳ್ಳಿ, ಇದ್ದ ಕೂಟವನ್ನು ಜೋಡಿಸುವ ಬದಲು ‘ಕ್ರಿಯೇಟ್’ ಆಜ್ಞೆ ಕೊಟ್ಟು ಹೊಸದಾಗಿ ಕಟ್ಟಿಬಿಟ್ಟಿದ್ದರು. ಹಾಗೆ ಕಟ್ಟಿದ ಕೂಡಲೇ ಎಂಡಿ ನಾಲ್ಕು ಡಿಸ್ಕ್‌ಗಳನ್ನು ಓದಿ ಐದನೆಯದರ ಮೇಲೆ ಹೊಸ ಲೆಕ್ಕ ಬರೆಯತೊಡಗುತ್ತದೆ. ಓದಿದ ನಾಲ್ಕರಲ್ಲಿ ಆ ಹಳಸಿದ ಡಿಸ್ಕ್ ಸಹ ಒಂದಾಗಿತ್ತು. ಮರುದಿನ ನಾನು ಒಂದು ಸ್ಕ್ಯಾನ್ ಚಿತ್ರ ತೆರೆದು ನೋಡಿದೆ. ಪುಟದ ಮೇಲ್ಭಾಗದ ನಾಲ್ಕು ಬೆರಳಿನಷ್ಟು ಅಗಲಕ್ಕೆ ಅಕ್ಷರಗಳು ಸ್ಪಷ್ಟವಾಗಿದ್ದವು. ಕೈಬರಹದ ಒತ್ತಕ್ಷರದ ಬಾಲ ಕೂಡ ಕಾಣುತ್ತಿತ್ತು. ಅದರ ಕೆಳಗೆ ಕೊನೆಯ ತನಕ ಬೂದುಬಣ್ಣದ ಪಟ್ಟಿ. ಮುಂದಿನ ಚಿತ್ರ, ಅದರ ಮುಂದಿನದು, ಎಲ್ಲವೂ ಹಾಗೆಯೇ. ಮೂಲ ಕಾಗದಗಳು ಉಳಿದಿರಲಿಲ್ಲ. ಆ ಪರದೆಯ ಮುಂದೆ ಕುಳಿತಿದ್ದವರ ಮುಖ ನನಗೆ ಇಂದಿಗೂ ಮರೆಯಲಾಗಿಲ್ಲ.

ಇದನ್ನು ತಪ್ಪಿಸುವ ದಾರಿ ಆ ಡಿಸ್ಕ್‌ಗಳ ಮೇಲೆಯೇ ಬರೆದಿತ್ತು. ಎಂಡಿ ಕೂಟದ ಪ್ರತಿ ಡಿಸ್ಕ್ ತನ್ನ ಸೂಪರ್‌ಬ್ಲಾಕ್‌ನಲ್ಲಿ, ಅಂದರೆ ಕೂಟದ ಗುರುತು ಬರೆದಿಟ್ಟ ಪುಟ್ಟ ಜಾಗದಲ್ಲಿ, ಕೂಟ ಬದಲಾದಂತೆ ಏರುತ್ತ ಹೋಗುವ ‘ಈವೆಂಟ್’ ಎಣಿಕೆಯೊಂದನ್ನು ಇಟ್ಟುಕೊಂಡಿರುತ್ತದೆ. ತಿಂಗಳುಗಳ ಹಿಂದೆ ಬಿದ್ದ ಡಿಸ್ಕ್‌ನ ಎಣಿಕೆ ಉಳಿದವುಗಳಿಗಿಂತ ಸಾವಿರಾರು ಹಿಂದೆ ಇರುತ್ತದೆ, ನಿನ್ನೆ ಬಿದ್ದದ್ದು ಕೆಲವೇ ಅಂಕಿಗಳಷ್ಟು ಹಿಂದಿರುತ್ತದೆ. ಬಹಳ ಹಿಂದುಳಿದದ್ದನ್ನು ಬದಿಗಿಟ್ಟು, ಅಲ್ಪಸ್ವಲ್ಪ ಹಿಂದಿರುವುದನ್ನು ಮಾತ್ರ ಸೇರಿಸಿಕೊಂಡು, ನಾಲ್ಕು ಡಿಸ್ಕ್‌ಗಳಿಂದ ಓದಲು ಮಾತ್ರ ತೆರೆದಿದ್ದರೆ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತಿತ್ತು. ಝಡ್‌ಎಫ್‌ಎಸ್‌ನಲ್ಲಿ ಇದೇ ಕೆಲಸವನ್ನು ವಹಿವಾಟಿನ ಗುಂಪಿನ, ಅಂದರೆ ಒಟ್ಟಿಗೆ ಬರೆದ ಬದಲಾವಣೆಗಳ ಕಂತಿನ, ಸಂಖ್ಯೆ ಮಾಡುತ್ತದೆ. ಆದ್ದರಿಂದ ಯಾವ ಆಜ್ಞೆ ಕೊಡುವ ಮೊದಲೂ ಪ್ರತಿ ಡಿಸ್ಕ್‌ನ ಈ ವಿವರವನ್ನು ಓದಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಓದುವುದರಿಂದ ಏನೂ ಕೆಡುವುದಿಲ್ಲ.

ಅದಕ್ಕೂ ಮೊದಲು, ಕಾಣೆಯಾದ ಡಿಸ್ಕ್ ನಿಜಕ್ಕೂ ಸತ್ತಿದೆಯೇ ಎಂದು ನೋಡಬೇಕು. ‘ಕಾಣುತ್ತಿಲ್ಲ’ ಎಂಬುದಕ್ಕೂ ‘ಕೆಟ್ಟಿದೆ’ ಎಂಬುದಕ್ಕೂ ಇರುವ ಅಂತರ ದೊಡ್ಡದು. ಸಾಟಾ ಕೇಬಲ್ ಸಡಿಲವಾಗಿರಬಹುದು, ಒಂದೇ ವಿದ್ಯುತ್ ತಂತಿಯಿಂದ ಕವಲೊಡೆದು ಹಲವು ಡಿಸ್ಕ್‌ಗಳಿಗೆ ಹೋಗುವ ಜೋಡಣೆ ಸುಟ್ಟಿರಬಹುದು, ಕಂಟ್ರೋಲರ್ ಕಾರ್ಡ್ ತನ್ನ ಗೂಡಿನಿಂದ ಕೂದಲೆಳೆಯಷ್ಟು ಮೇಲೆದ್ದಿರಬಹುದು. ಎರಡು ಡಿಸ್ಕ್‌ಗಳು ಒಂದೇ ನಿಮಿಷದಲ್ಲಿ ಕಾಣೆಯಾದರೆ ಅವೆರಡೂ ಒಟ್ಟಿಗೆ ಸತ್ತವೆಂದು ನಂಬುವುದಕ್ಕಿಂತ ಅವೆರಡಕ್ಕೂ ಸಮಾನವಾದ ತಂತಿಯನ್ನು ಅನುಮಾನಿಸುವುದು ಮೇಲು. ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ವಿದ್ಯುತ್ ತೆಗೆದು, ಡಿಸ್ಕ್‌ನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆಯನ್ನು ತಾಳೆ ನೋಡಿ, ಬೇರೆ ಕೇಬಲ್ ಹಾಕಿ, ಬೇರೆ ಪೋರ್ಟ್‌ಗೆ ಚುಚ್ಚಿ ನೋಡಬೇಕು. ಪೋರ್ಟ್ ಬದಲಿಸಿದರೆ ಪೂಲ್ ಗಲಿಬಿಲಿಯಾಗುತ್ತದೆ ಎಂಬ ಹೆದರಿಕೆ ಬೇಡ. ಝಡ್‌ಎಫ್‌ಎಸ್ ಪ್ರತಿ ಡಿಸ್ಕ್‌ನಲ್ಲಿ ಗುರುತಿನ ಲೇಬಲ್‌ನ ನಾಲ್ಕು ಪ್ರತಿಗಳನ್ನು, ಎರಡನ್ನು ಆರಂಭದಲ್ಲಿ ಎರಡನ್ನು ಕೊನೆಯಲ್ಲಿ, ಇಟ್ಟಿರುತ್ತದೆ. ಡಿಸ್ಕ್ ಎಲ್ಲಿ ಕುಳಿತಿದೆ ಎಂಬುದಕ್ಕಿಂತ ಆ ಲೇಬಲ್ ಏನು ಹೇಳುತ್ತದೆ ಎಂಬುದೇ ಅದಕ್ಕೆ ಮುಖ್ಯ. ಗೊಂದಲವಾಗುವುದು ನಮಗೆ. ಲಿನಕ್ಸ್‌ನಲ್ಲಿ ನಿನ್ನೆ ಎಸ್‌ಡಿಬಿ ಆಗಿದ್ದ ಡಿಸ್ಕ್ ಇಂದು ಎಸ್‌ಡಿಸಿ ಆಗಿರಬಹುದು; ಆ ಹೆಸರನ್ನು ನಂಬಿ ಆಜ್ಞೆ ಕೊಟ್ಟವರು ಚೆನ್ನಾಗಿರುವ ಡಿಸ್ಕನ್ನೇ ಅಳಿಸಿದ್ದುಂಟು. ಸೀರಿಯಲ್ ಸಂಖ್ಯೆಯೊಂದೇ ನಂಬಿಕೆಗೆ ಅರ್ಹ.

ಡಿಸ್ಕ್ ಒಳಗಿನಿಂದ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಮಾತ್ರ ಇನ್ನೊಮ್ಮೆ ಚಾಲೂ ಮಾಡಿ ನೋಡೋಣ ಎಂಬ ಆಸೆಯನ್ನು ಬಿಡಬೇಕು. ಓದುವ ಹೆಡ್ ಹಾಳಾಗಿದ್ದರೆ ಪ್ರತಿ ಸುತ್ತೂ ತಟ್ಟೆಯ ಮೇಲ್ಮೈಯನ್ನು ಕೆರೆಯುತ್ತಿರಬಹುದು. ಅಂತಹ ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಹೊರತೆಗೆದಾಗ ಒಳಗೆ ಹನಿಗಟ್ಟುವ ತೇವವೇ ಅದನ್ನು ಪೂರ್ತಿ ಮುಗಿಸುತ್ತದೆ. ಮುಚ್ಚಳ ಬಿಚ್ಚುವುದೂ ಅಷ್ಟೇ ಅಪಾಯ. ಅದು ದೂಳಿಲ್ಲದ ಕೋಣೆಯಲ್ಲಿ, ಅದನ್ನೇ ಕಸುಬಾಗಿ ಮಾಡಿಕೊಂಡವರು ಮಾಡಬೇಕಾದ ಕೆಲಸ. ಅವರ ಬಳಿ ಹೋಗುವಾಗ ಕೆಟ್ಟದ್ದೆಂದು ಬದಿಗಿಟ್ಟ ಡಿಸ್ಕನ್ನೂ ಸೇರಿಸಿ ಎಲ್ಲವನ್ನೂ ಕೊಂಡೊಯ್ಯಬೇಕು, ಯಾವುದು ಯಾವ ಗೂಡಿನಲ್ಲಿತ್ತು ಎಂದು ಬರೆದು ಅಂಟಿಸಿರಬೇಕು.

ಇಲ್ಲಿ ತಂತ್ರಾಂಶ ತಯಾರಕರಿಗೂ ಒಂದು ಮಾತು ಹೇಳಬೇಕಿದೆ. ಲಿನಕ್ಸ್ ಕೂಟದ ಡಿಸ್ಕನ್ನು ಪರೀಕ್ಷಿಸಲೆಂದು ವಿಂಡೋಸ್ ಯಂತ್ರಕ್ಕೆ ಜೋಡಿಸಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ‘ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕು’ ಎಂಬ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಇನ್ನು ಕೆಲವೊಮ್ಮೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಪ್ರಶ್ನೆ. ನೋಡುವವರಿಗೆ ಅದು ಸಹಾಯಕ್ಕೆ ಬಂದಂತೆ ಕಾಣುತ್ತದೆ, ಒಪ್ಪಿಗೆ ಒತ್ತುತ್ತಾರೆ. ಒತ್ತಿದಾಗ ಆಗುವುದೇನು? ಡಿಸ್ಕ್‌ನ ಮೊದಲ 17 ಕಿಲೋಬೈಟ್‌ಗಳಷ್ಟು ಜಾಗದಲ್ಲಿ ಹೊಸ ಜಿಪಿಟಿ ವಿಭಾಗ ಪಟ್ಟಿ (ಡಿಸ್ಕನ್ನು ಯಾವ ಯಾವ ಭಾಗಗಳಾಗಿ ವಿಂಗಡಿಸಲಾಗಿದೆ ಎಂಬ ಪಟ್ಟಿ) ಬರೆಯಲ್ಪಡುತ್ತದೆ. ವಿಭಾಗ ಮಾಡದೆ ಇಡೀ ಡಿಸ್ಕನ್ನೇ ಎಂಡಿ ಕೂಟಕ್ಕೆ ಕೊಟ್ಟಿದ್ದರೆ ಅದರ 1.2 ಆವೃತ್ತಿಯ ಸೂಪರ್‌ಬ್ಲಾಕ್ ಇರುವುದು ಆರಂಭದಿಂದ 4 ಕಿಲೋಬೈಟ್ ದೂರದಲ್ಲಿ, ಅಂದರೆ ಸರಿಯಾಗಿ ಆ ಜಾಗದ ಒಳಗೇ. ಡೇಟಾ ಹಾಗೆಯೇ ಉಳಿದಿದ್ದರೂ, ಆ ಡಿಸ್ಕ್ ಯಾವ ಕೂಟದ್ದು, ಎಷ್ಟನೆಯ ಸದಸ್ಯ ಎಂಬ ಚೀಟಿ ಹರಿದುಹೋಗುತ್ತದೆ. ಪರಿಚಯವಿಲ್ಲದ ಡಿಸ್ಕ್ ಕಂಡಾಗ ‘ಇದರಲ್ಲಿ ಬೇರೆ ವ್ಯವಸ್ಥೆಯ ಡೇಟಾ ಇರಬಹುದು, ಏನನ್ನೂ ಬರೆಯದೆ ಬಿಡಲೇ?’ ಎಂದು ಮೊದಲು ಕೇಳುವುದು ಕಷ್ಟದ ಕೆಲಸವಲ್ಲ. ಸ್ಟೋರೇಜ್ ಸ್ಪೇಸಸ್‌ನಲ್ಲಿಯೂ ಪೂಲ್‌ನ ಹೆಚ್ಚಿನ ಡಿಸ್ಕ್‌ಗಳು ಸಿಗದೇ ಹೋದಾಗ ವ್ಯವಸ್ಥೆ ತಾನಾಗಿಯೇ ಪೂಲ್‌ನ ಸಂರಚನೆಯನ್ನು ಬದಲಿಸಲಾಗದಂತೆ ಓದುವ ಸ್ಥಿತಿಗೆ ತಂದುಬಿಡುತ್ತದೆ. ಅದು ಒಳ್ಳೆಯ ಎಚ್ಚರಿಕೆಯೇ. ಅಲ್ಲಿ ಮಾಡಬೇಕಾದದ್ದು ಬಿಟ್ಟುಹೋದ ಡಿಸ್ಕ್‌ಗಳನ್ನು ಮರಳಿ ಜೋಡಿಸುವುದು. ಸಿಟ್ಟಿನಿಂದಲೋ ಅವಸರದಿಂದಲೋ ಅವುಗಳಿಗೆ ‘ರೀಸೆಟ್’ ಆಜ್ಞೆ ಕೊಟ್ಟರೆ ಅವುಗಳ ಮೇಲಿದ್ದದ್ದು ಅಳಿಯುತ್ತದೆ.

ಡಿಸ್ಕ್‌ಗೆ ಉಸಿರಿದೆ, ಆದರೆ ಅಲ್ಲಲ್ಲಿ ಓದಲಾಗುತ್ತಿಲ್ಲ ಎಂಬ ಸ್ಥಿತಿಯಲ್ಲಿ ಮೊದಲು ಮಾಡಬೇಕಾದ ಕೆಲಸ ನಕಲು. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇದಕ್ಕೆಂದೇ ಇದೆ. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ತಕರಾರು ಮಾಡುವ ಕಡೆಗಳನ್ನು ಗುರುತುಹಾಕಿ ದಾಟಿ, ಆಮೇಲೆ ಅಲ್ಲಿಗೆ ಮರಳಿ ಬರುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಮತ್ತೆ ಅಲ್ಲಿಂದಲೇ ಮುಂದುವರಿಯಬಹುದು. ನಕಲು ಪಡೆಯುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು. ಅಷ್ಟು ಜಾಗ ಹೊಂದಿಸುವುದು ಕಷ್ಟವೆಂದು ಮೂಲ ಡಿಸ್ಕ್‌ಗಳ ಮೇಲೆಯೇ ಕೈಯಾಡಿಸಲು ಹೊರಡುವವರನ್ನು ನಾನು ಪ್ರತಿ ಬಾರಿಯೂ ತಡೆಯುತ್ತೇನೆ. ನಕಲಿನ ಮೇಲೆ ಹತ್ತು ಬಾರಿ ತಪ್ಪು ಮಾಡಬಹುದು. ಮೂಲದ ಮೇಲೆ ಒಂದು ತಪ್ಪಿಗೂ ಅವಕಾಶವಿಲ್ಲ. ಎಲ್ಲ ಡಿಸ್ಕ್‌ಗಳ ನಕಲು ಸಾಧ್ಯವೇ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಮೂಲದ ಮೇಲೊಂದು ತೆರೆ ಹೊದಿಸಿದಂತೆ ಓವರ್‌ಲೇ ಮಾಡಿಕೊಳ್ಳಬಹುದು: ಓದುವುದು ಮೂಲದಿಂದ, ಬರೆಯುವುದೆಲ್ಲ ಪಕ್ಕದ ಬೇರೆ ಕಡತಕ್ಕೆ. ಪ್ರಯೋಗ ಕೈಕೊಟ್ಟರೆ ಆ ಕಡತವನ್ನು ಅಳಿಸಿ ಮತ್ತೆ ಮೊದಲಿನಿಂದ ತೊಡಗಿದರಾಯಿತು.

ನಕಲಾದ ನಂತರ ಪೂಲ್ ತೆರೆಯುವುದು, ಅದೂ ಓದಲು ಮಾತ್ರ. ಝಡ್‌ಎಫ್‌ಎಸ್‌ನಲ್ಲಿ ಪೂಲನ್ನು ಇಂಪೋರ್ಟ್ ಮಾಡುವಾಗಲೇ, ಅಂದರೆ ಯಂತ್ರಕ್ಕೆ ಪರಿಚಯಿಸಿ ತೆರೆಯುವಾಗಲೇ, ‘ರೀಡ್‌ಓನ್ಲಿ’ ಎಂದು ಹೇಳಬಹುದು. ಕೊನೆಯ ಬರಹಗಳು ಅರೆಬರೆಯಾಗಿ ಪೂಲ್ ತೆರೆಯದಿದ್ದರೆ ಕೆಲವು ವಹಿವಾಟುಗಳಷ್ಟು ಹಿಂದಕ್ಕೆ ಸರಿಯುವ ಆಯ್ಕೆಯೂ ಇದೆ. ಅದನ್ನು ನಿಜವಾಗಿ ಮಾಡುವ ಮೊದಲು ಮಾಡಿದರೆ ಏನಾದೀತು ಎಂದು ಕೇಳಿ ನೋಡುವ ಆಯ್ಕೆಯೂ ಇದೆ. ಬಿಟಿಆರ್‌ಎಫ್‌ಎಸ್‌ನಲ್ಲಿ ‘ಡಿಗ್ರೇಡೆಡ್’ (ಡಿಸ್ಕ್ ಕೊರತೆಯಿದ್ದರೂ ನಡೆಯಲಿ) ಎಂಬ ಆಯ್ಕೆಯೊಂದಿಗೆ ಓದಲು ಮಾತ್ರ ಮೌಂಟ್ ಮಾಡಬಹುದು, ಅಂದರೆ ಕಡತಗಳು ಕಾಣುವಂತೆ ತೆರೆಯಬಹುದು, ಅದೂ ಆಗದಿದ್ದರೆ ಮೌಂಟ್ ಮಾಡದೆಯೇ ಕಡತಗಳನ್ನು ಹೊರತೆಗೆಯುವ ‘ರಿಸ್ಟೋರ್’ ಇದೆ. ಬಾಗಿಲು ತೆರೆದ ಕೂಡಲೇ ಅತಿ ಮುಖ್ಯವಾದುದನ್ನು ಮೊದಲು ಹೊರಗೆ ತರಬೇಕು. ಮತ್ತೆ ಸಿಗದಿರುವುದು ಯಾವುದು ಎಂದು ಆ ಹೊತ್ತಿನಲ್ಲಿ ಯೋಚಿಸುತ್ತ ಕೂರುವುದಕ್ಕಿಂತ ಮೊದಲೇ ಪಟ್ಟಿ ಮಾಡಿಟ್ಟುಕೊಂಡವರು ಬುದ್ಧಿವಂತರು.

ಹೊಸ ಡಿಸ್ಕ್ ಹಾಕಿ ಪೂಲನ್ನು ಮರುಕಟ್ಟಲು ಬಿಡುವುದು ಇದೆಲ್ಲದರ ನಂತರದ ಮಾತು. ಮರುಕಟ್ಟುವಾಗ ಉಳಿದ ಡಿಸ್ಕ್‌ಗಳನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವಿಲ್ಲದೆ ಓದಲಾಗುತ್ತದೆ. ಅವೂ ಸತ್ತ ಡಿಸ್ಕ್‌ನ ಓರಗೆಯವೇ, ಅಷ್ಟೇ ವರ್ಷ ದುಡಿದವು. ಸಾಧಾರಣ ಡಿಸ್ಕ್‌ಗಳ ವಿವರಣಾ ಪತ್ರದಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದರೆ ಹೆಚ್ಚೆಂದರೆ ಒಂದು ಕಡೆ ಓದಲಾಗದಿರಬಹುದು ಎಂದು ಬರೆದಿರುತ್ತಾರೆ. ಅದು ಸುಮಾರು 12.5 ಟೆರಾಬೈಟ್ ಆಗುತ್ತದೆ. ಅದು ತಯಾರಕರು ಹಾಕಿಕೊಂಡ ಮಿತಿ, ಅಲ್ಲಿಗೆ ಬಂದರೆ ತಪ್ಪದೆ ಕೆಡುತ್ತದೆಂದು ಅರ್ಥವಲ್ಲ. ಆದರೂ ಕೆಲವು ಹಳೆಯ ರೈಡ್ ಕಂಟ್ರೋಲರ್‌ಗಳು ಮರುಕಟ್ಟುವ ನಡುವೆ ಓದಲಾಗದ ಒಂದೇ ಸೆಕ್ಟರ್ ಸಿಕ್ಕರೂ ಇಡೀ ಕೆಲಸವನ್ನು ಕೈಬಿಡುತ್ತವೆ. ಝಡ್‌ಎಫ್‌ಎಸ್ ಈ ವಿಷಯದಲ್ಲಿ ವಾಸಿ: ಕೆಟ್ಟ ಕಡತದ ಹೆಸರು ಹೇಳಿ ಮುಂದೆ ಸಾಗುತ್ತದೆ.

ಲೆಕ್ಕವೂ ಇಲ್ಲ, ಪ್ರತಿಯೂ ಇಲ್ಲ ಎಂಬ ಸ್ಥಿತಿಗೆ ಜನ ತಿಳಿಯದೆಯೇ ಬಂದು ಬೀಳುವ ಒಂದು ದಾರಿಯನ್ನೂ ಹೇಳಲೇಬೇಕು. ಝಡ್‌ಎಫ್‌ಎಸ್‌ನಲ್ಲಿ ಇರುವ ಡಿಸ್ಕ್‌ಗೆ ಮಿರರ್ ಜೋಡಿ ಮಾಡಲು ‘ಅಟ್ಯಾಚ್’ ಎನ್ನಬೇಕು. ಅದರ ಬದಲು ‘ಆ್ಯಡ್’ ಎಂದರೆ ಹೊಸ ಡಿಸ್ಕ್ ಒಂಟಿ ಸದಸ್ಯನಾಗಿ ಪೂಲ್‌ಗೆ ಸೇರಿಕೊಳ್ಳುತ್ತದೆ. ಜಾಗ ಹೆಚ್ಚಾಯಿತೆಂದು ಸಂತೋಷವಾಗುತ್ತದೆ; ಆ ಒಂಟಿ ಡಿಸ್ಕ್ ಹೋದ ದಿನ ಇಡೀ ಪೂಲ್ ತೆರೆಯಲು ನಿರಾಕರಿಸುತ್ತದೆ. ಹಾಗಾದಾಗಲೂ ಕೈಚೆಲ್ಲಿ ಕೂರಬೇಕಾಗಿಲ್ಲ. ಕಡತಗಳ ವಿವರ ಹೊತ್ತ ಮೆಟಾಡೇಟಾವನ್ನು ಝಡ್‌ಎಫ್‌ಎಸ್ ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿ, ಸಾಧ್ಯವಾದಷ್ಟೂ ಬೇರೆ ಬೇರೆ ಸದಸ್ಯರ ಮೇಲೆ ಇಟ್ಟಿರುತ್ತದೆ. ಇಷ್ಟು ಸದಸ್ಯರು ಇಲ್ಲದಿದ್ದರೂ ಪರವಾಗಿಲ್ಲ ಎಂದು ಸೂಚಿಸುವ ಒಂದು ಆಂತರಿಕ ಹೊಂದಿಕೆಯನ್ನು ಬದಲಿಸಿ, ಪೂಲನ್ನು ಓದಲು ಮಾತ್ರ ತೆರೆಯಲು ಓಪನ್‌ಝಡ್‌ಎಫ್‌ಎಸ್‌ನಲ್ಲಿ ಸಾಧ್ಯವಿದೆ. ಸಹಜ ಹೊಂದಿಕೆಯಲ್ಲಿ ಕಡತಗಳು 128 ಕಿಲೋಬೈಟ್‌ವರೆಗಿನ ತುಂಡುಗಳಾಗಿ ಹಂಚಿಹೋಗುವುದರಿಂದ, ಒಂದೇ ತುಂಡಿನಲ್ಲಿ ಮುಗಿಯುವ ಪತ್ರಗಳು, ಲೆಕ್ಕದ ಹಾಳೆಗಳು, ಪುಟ್ಟ ಚಿತ್ರಗಳು ಉಳಿದ ಡಿಸ್ಕ್‌ಗಳ ಮೇಲಿದ್ದರೆ ಇಡಿಯಾಗಿ ಸಿಗುತ್ತವೆ. ಉದ್ದನೆಯ ವಿಡಿಯೊಗಳು ಮಾತ್ರ ತೂತುಬಿದ್ದೇ ಬರುತ್ತವೆ. ಎಲ್ಲವೂ ಹೋಯಿತೆಂದು ಡಿಸ್ಕ್‌ಗಳನ್ನು ಅಳಿಸಿ ಮರುಬಳಕೆಗೆ ಕೊಟ್ಟವರ ಸುದ್ದಿ ಕೇಳಿದಾಗಲೆಲ್ಲ, ಈ ಪುಟ್ಟ ಕಡತಗಳು ಅವರ ಕೈಗೆಟುಕುವಷ್ಟು ಹತ್ತಿರದಲ್ಲಿಯೇ ಇದ್ದವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಪ್ಯಾರಿಟಿ, ಮಿರರ್ ಇವು ಬ್ಯಾಕಪ್ ಅಲ್ಲ ಎಂಬುದನ್ನು ಬಲ್ಲವರು ಹಲವು ಬಾರಿ ಹೇಳಿದ್ದಾರೆ, ಅದನ್ನು ನಾನು ಇಲ್ಲಿ ಬೆಳೆಸುವುದಿಲ್ಲ. ನಾನು ಕೇಳಿಕೊಳ್ಳುವುದು ಅಭ್ಯಾಸದ ಬಗ್ಗೆ. ಬೆಂಕಿ ಬಿದ್ದಾಗ ಹೇಗೆ ಹೊರಬರಬೇಕೆಂದು ಕಚೇರಿಗಳಲ್ಲಿ ಅಣಕು ಪ್ರದರ್ಶನ ಮಾಡಿಸುತ್ತಾರೆ. ಡಿಸ್ಕ್ ಕಾಣೆಯಾದಾಗ ಏನು ಮಾಡಬೇಕೆಂದು ಅಭ್ಯಾಸ ಮಾಡಿದವರನ್ನು ನಾನು ಕಂಡದ್ದು ತೀರ ಕಡಿಮೆ. ಇದಕ್ಕೆ ನಿಜವಾದ ಡಿಸ್ಕ್‌ಗಳೂ ಬೇಕಾಗಿಲ್ಲ. ಝಡ್‌ಎಫ್‌ಎಸ್ ಪೂಲನ್ನು ನಾಲ್ಕು ಸಾಧಾರಣ ಕಡತಗಳ ಮೇಲೆಯೇ ಕಟ್ಟಬಹುದು, ಎಂಡಿ ಕೂಟವನ್ನು ಲೂಪ್ ಸಾಧನಗಳ (ಡಿಸ್ಕ್‌ನಂತೆ ತೋರಿಸಿದ ಕಡತಗಳ) ಮೇಲೆ ಕಟ್ಟಬಹುದು. ಅದರಲ್ಲಿ ಒಂದಿಷ್ಟು ಚಿತ್ರಗಳನ್ನು ಹಾಕಿ, ಪೂಲನ್ನು ಮುಚ್ಚಿ, ಒಂದು ಕಡತವನ್ನು ಬೇರೆಡೆಗೆ ಸರಿಸಿ, ಮತ್ತೆ ತೆರೆಯಲು ಪ್ರಯತ್ನಿಸಿ ನೋಡಿ. ‘ಡಿಗ್ರೇಡೆಡ್’ ಎಂಬ ಪದವನ್ನು ಮೊದಲ ಬಾರಿ ಕಾಣುವುದು ಇಂತಹ ಆಟದ ಪೂಲ್‌ನಲ್ಲಿ ಆಗಲಿ. ನಿಮ್ಮ ಸಂಸ್ಥೆಯ ಇಪ್ಪತ್ತು ವರ್ಷದ ಕಡತಗಳಿರುವ ಪೂಲ್‌ನಲ್ಲಿ ಆಗುವುದು ಬೇಡ.

ತಮ್ಮ ತಂತ್ರಜ್ಞಾನ ಪುಟದಲ್ಲಿ ಇಂತಹ ಅಭ್ಯಾಸವನ್ನು ಹಂತಹಂತವಾಗಿ ಕನ್ನಡದಲ್ಲಿ ವಿವರಿಸುವ ಒಂದು ಲೇಖನಮಾಲೆಗೆ ಸ್ಥಳ ಕೊಡಬೇಕೆಂದು ವಿನಂತಿಸುತ್ತೇನೆ. ಬೇಕಾದ ವಿವರಗಳನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ನನ್ನ ಸರ್ವರ್ ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ: ಪ್ರತಿ ಗೂಡಿನ ಡಿಸ್ಕ್‌ನ ಸೀರಿಯಲ್ ಸಂಖ್ಯೆ, ಪೂಲ್‌ನ ರಚನೆ, ಗೂಢಲಿಪೀಕರಣದ ಕೀಲಿ ಯಾರ ಬಳಿ ಇದೆ ಎಂಬ ಟಿಪ್ಪಣಿ, ಎಚ್ಚರಿಕೆಯ ಮಿಂಚಂಚೆ ಹೋಗುವ ಇಬ್ಬರ ಹೆಸರು, ಅದನ್ನು ಕೊನೆಯ ಬಾರಿ ಪರೀಕ್ಷಿಸಿದ ತಾರೀಖು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ‘ಏನನ್ನೂ ಬರೆಯಬೇಡಿ, ಮೊದಲು ಫೋನ್ ಮಾಡಿ’ ಎಂದಿದೆ. ಲೇಖನಮಾಲೆಯ ಮೊದಲ ಕಂತಿನ ಜೊತೆ ಆ ಹಾಳೆಯ ಖಾಲಿ ನಮೂನೆಯನ್ನು ಅಚ್ಚು ಮಾಡಿದರೆ ಓದುಗರು ಅದನ್ನು ಕತ್ತರಿಸಿ, ತಮ್ಮ ವಿವರ ತುಂಬಿ, ಅಂದೇ ಅಂಟಿಸಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ಡೇಟಾ ಸಂಗ್ರಹ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಒಬ್ಬ ಓದುಗ